ಅಂಗಾಲಿನ ಬೊಟ್ಟು

ಕೊಟ್ರೇಶ್ ಹಂಡೆಯ ಒಲೆಗೆ ಮತ್ತೊಂದು ಸೌದೆ ತುರುಕಿದ. ಒಮ್ಮೆ ಕಾದು ಆರಿದ ನೀರು ಮತ್ತೆ ಕಾಯುತ್ತಿತ್ತು. ಹೆಂಡತಿ ಉಚ್ಚಂಗೆಮ್ಮ ಬೆಳಗಿನ ಜಾವ ತೀರಿಕೊಂಡಿದ್ದಳು. ಬೀದಿಯ ಒಬ್ಬ ಹೆಂಗಸೂ ಹೊಸಿಲು ದಾಟಿರಲಿಲ್ಲ.

“ನಾನು ಗಂಡ ಇಲ್ದೋಳು. ನೀರು ಹಾಕ್ತೀನಿ, ಅರಿಶಿನ ಕುಂಕುಮ ಹಚ್ಚಾಕೆ ಬರಲ್ಲ,” ಎಂದಳು ಅವನ ಅಕ್ಕ ಅಂತರಘಟ್ಟಮ್ಮ. “ಮುತ್ತೈದೆ ಸಾವು ಕಣೋ. ಬ್ಯಾರೆ ಮನೆಯಾಗಿದ್ರೆ ಹೆಂಗಸ್ರು ಸಾಲು ನಿಲ್ತಿದ್ರು.”

ಒಬ್ಬಳಾದರೂ ಮುಟ್ಟಿ ಕಳಿಸಲಿ ಎಂಬುದಷ್ಟೇ ಕೊಟ್ರೇಶನ ಆಸೆ.

“ಕಲ್ಲೇಶ್, ನಿನ್ನ ಹೆಂಡ್ತಿನಾದ್ರೂ ಕಳಿಸೋ.”

ಚಟ್ಟ ಕಟ್ಟುತ್ತಿದ್ದ ಪಕ್ಕದ ಮನೆಯ ಕಲ್ಲೇಶ್ ತಲೆ ಎತ್ತಲಿಲ್ಲ. “ಕೂಸು ಇನ್ನೂ ಎಳೇದೈತೆ ಕಣಣ್ಣ. ನಮ್ಮವ್ವ ಬಿಡಲ್ಲ.”

ಬರೀ ನೆಪ. ಕೂಸು ಆಗಲೇ ಮಗ್ಗುಲಾಗುತ್ತಿತ್ತು.

*

ಉಚ್ಚಂಗೆಮ್ಮ ಆಸ್ಪತ್ರೆಯ ಹಸುಗೂಸುಗಳ ವಾರ್ಡಿನಲ್ಲಿ ಆಯಾ. ಕೂಸಿನ ಪಾದಕ್ಕೆ ಕೆಂಪು ಬೆಳಕಿನ ಪಟ್ಟಿ ಸುತ್ತಿದರೆ, ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ಯಂತ್ರ ತೋರಿಸುತ್ತಿತ್ತು. ಆದರೆ ಜಗಳೂರಿನ ಅಜ್ಜಿಯರು ಸುಮ್ಮನಿರಬೇಕಲ್ಲ! ಕೂಸು ಕಣ್ಣುಬಿಡುವ ಮೊದಲೇ ಅಂಗಾಲಿಗೆ ಕಾಡಿಗೆಯ ದೃಷ್ಟಿಬೊಟ್ಟು ಮೆತ್ತಿಬಿಡುತ್ತಿದ್ದರು. ಆ ಕಪ್ಪು ದಾಟಿ ಬೆಳಕು ಸರಿಯಾಗಿ ಹೋಗುತ್ತಿರಲಿಲ್ಲ. ಎಣ್ಣೆ ಮುಟ್ಟಿಸಿ ಅದನ್ನು ಒರೆಸುವುದು ಅವಳ ಪಾಲಿನ ಕೆಲಸ.

ಮಕ್ಕಳಿಲ್ಲದವಳು ದೃಷ್ಟಿಬೊಟ್ಟು ಒರೆಸಿದರೆ ಊರು ಬಿಟ್ಟೀತೇ? ಕಲ್ಲೇಶನ ಹೆಂಡತಿ ಅನಿತಾ ವಾರ್ಡಿನಲ್ಲೇ ರಂಪ ಮಾಡಿದ್ದಳು. “ಬಂಜೆ ಕೈ ನನ್ನ ಕೂಸಿಗೆ ತಾಗಿಸ್ಬ್ಯಾಡ್ರಿ!”

“ಬ್ಯಾರೆ ಕೆಲ್ಸ ನೋಡ್ಕಳೇ,” ಎಂದಿದ್ದ ಕೊಟ್ರೇಶ್ ಅಂದು.

“ಬೈದ್ರೆ ಬೈಲಿ ಬಿಡ್ರಿ. ಕೂಸಿನ ಕಾಲು ಹಿಡ್ಕಂಡು ಕೂರೋ ಕೆಲ್ಸ ನಂಗೆ ಇನ್ನೆಲ್ಲಿ ಸಿಗ್ತೈತೆ?”



*

ಹೊತ್ತು ನೆತ್ತಿಗೇರಿತು. ಅಕ್ಕ ಒಬ್ಬಳೇ ನೀರು ಹಾಕಿ, ಹೊಸ ಸೀರೆ ಉಡಿಸಿ, ಹಿತ್ತಲ ಗೋಡೆಗೆ ಒರಗಿಸಿ ಕೂರಿಸಿದಳು. ಕೊಟ್ರೇಶ್ ಅರಿಶಿನದ ಬಟ್ಟಲಿಗೆ ಕೈಹಾಕಿದ.

“ಗಂಡಸು ಹಚ್ಚೋದುಂಟೇನೋ?”

“ಮತ್ಯಾರು ಬರ್ತಾರಕ್ಕ?”

ಅಭ್ಯಾಸವಿಲ್ಲದ ಕೈ. ಅರಿಶಿನ ಕೆನ್ನೆಗಿಂತ ಹೆಚ್ಚು ಕೂದಲಿಗೇ ಮೆತ್ತಿಕೊಂಡಿತು. ಅವನು ಗೊಳೋ ಎಂದು ಅತ್ತುಬಿಟ್ಟ.

ಅಷ್ಟರಲ್ಲಿ ಪಕ್ಕದ ಮನೆಯ ಕಡೆಯಿಂದ ಹಸಿರು ಬಳೆಯ ಕೈಯೊಂದು ಗೋಡೆಯ ಮೇಲೆ ಬಂತು. ಮೊಳ ಮಲ್ಲಿಗೆ ಇಟ್ಟು ಸರಕ್ಕನೆ ಹಿಂದೆ ಸರಿಯಿತು.

“ಅನಿತಾ, ಬಾರವ್ವ. ಒಂದು ಬೊಟ್ಟು ಇಟ್ಟೋಗು,” ಎಂದ ಕೊಟ್ರೇಶ್.

ಗೋಡೆಯಾಚೆ ಕೂಸು ಕೇಕೆ ಹಾಕಿತು. ಯಾರೋ ತಟ್ಟನೆ ಅದರ ಬಾಯಿ ಮುಚ್ಚಿದರು.