ಬೋರ್‌ವೆಲ್ ಪೈಪಿನಲ್ಲಿ ಗಾಳಿ ಬೇಡ

ನಮ್ಮ ಕಡೆ ಯಾರ ಮನೆ ಹಿತ್ತಿಲಿಗೆ ಹೋದರೂ ಬೋರ್‌ವೆಲ್ ಹಾಕಿಸಿದಾಗ ಉಳಿದ ಪಿ.ವಿ.ಸಿ. ಪೈಪು ಬಿದ್ದಿರುತ್ತದೆ. ಬಿಸಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ಶಾಂತಿಗ್ರಾಮದ ರೈತ ರಾಮಣ್ಣನವರಿಗೂ ಬಂದಿರಲಿಲ್ಲ.

ಅವರ ಸೊಸೆ ಸ್ಪಂದನಾ ಹಳೇ ಕೊಟ್ಟಿಗೆಯಲ್ಲಿ ಗೇಟು, ಕಿಟಕಿಗಳಿಗೆ ಸ್ಪ್ರೇ ಪೇಂಟ್ ಮಾಡುವ ವರ್ಕ್‌ಶಾಪು ಶುರು ಮಾಡಿದಳು. ಕಂಪ್ರೆಸರ್ ಬಂತು. ಅದರಿಂದ ಪೇಂಟ್ ಗನ್ನಿನವರೆಗೆ ಗಾಳಿ ಹೋಗಲು ಪೈಪು ಬೇಕಲ್ಲ! ರಾಮಣ್ಣನವರ ಮುಖ ಅರಳಿತು. ತಾವೇ ಅಳೆದು, ಕೊಯ್ದು, ಅಂಟು ಹಚ್ಚಿ ಗೋಡೆಯುದ್ದಕ್ಕೂ ಪಿ.ವಿ.ಸಿ. ಪೈಪು ಎಳೆದೇಬಿಟ್ಟರು.

ಪೈಪು ಒಡೆದರೆ ಎಂದು ಸ್ಪಂದನಾಗೆ ಒಳಗೊಳಗೇ ಭಯ. ಅವಳು ನಿಂತು ಕೆಲಸ ಮಾಡುವ ಜಾಗದಲ್ಲಿ ಪೈಪು ಸರಿಯಾಗಿ ಕಣ್ಣಿನ ಮಟ್ಟಕ್ಕಿತ್ತು. ಆದರೆ ಇಷ್ಟು ಅಕ್ಕರೆಯಿಂದ ಮಾಡಿಕೊಟ್ಟ ಮಾವನಿಗೆ ಬೇಡ ಎನ್ನುವುದು ಹೇಗೆ? ಹಳ್ಳಿಮೈಸೂರಿನ ಶಾಲೆಯ ಗೇಟು ಬೇರೆ ಬಂದು ಕಾಯುತ್ತಿತ್ತು. ಅದು ಅವಳ ಮೊದಲ ಆರ್ಡರ್. ಹಾಸನದ ಐ.ಟಿ.ಐ.ನಲ್ಲಿ ಪಾಠ ಮಾಡುವ ಗೆಳತಿ ಶ್ರೀಗೌರಿಗೆ ಫೋನ್ ಮಾಡಿದಳು.

"ಕಂಪ್ರೆಸರ್ ಆನ್ ಮಾಡ್ಬೇಡ ಕಣೇ, ಬಂದೆ" ಎಂದು ಶ್ರೀಗೌರಿ ಸಿಕ್ಕ ಬಸ್ಸು ಹತ್ತಿ ಬಂದಳು. ಪೈಪು ನೋಡಿದವಳೇ ಇದು ಗಾಳಿಗೆ ಆಗುವುದಿಲ್ಲ ಎಂದಳು.

"ಏನ್ ಮೇಡಂ, ನಮ್ ಪೈಪಿಗೆ ಏನಾಗೈತೆ?" ರಾಮಣ್ಣ ಮೀಸೆಯ ಮೇಲೆ ಕೈಯಾಡಿಸಿದರು. "ಇಂತಾದ್ದೇ ಪೈಪು ತ್ವಾಟಕ್ಕೆ ನೀರ್ ತಳ್ತಾ ಐತೆ. ಗಾಳಿ ತಡೆಯಾಕಿಲ್ವಾ? ಗಾಳಿ ನೀರ್‌ಗಿಂತ ಅಗುರ ಕಣವ್ವಾ."

"ಇವತ್ತು ತಡೀಬಹುದು ರಾಮಣ್ಣೋರೆ. ಬಿಸಿಲಿಗೆ, ಕಂಪ್ರೆಸರ್ ಬಿಸಿಗೆ ಈ ಪೈಪು ಪೆಡಸಾಗತ್ತೆ. ಒಂದಿನ ಒಡೆಯತ್ತೆ. ಒಳಗೆ ನೀರಿದ್ರೆ ಚಿಮ್ಮಿ ಸೋರಿ ಹೋಗತ್ತೆ. ಒತ್ತಿ ತುಂಬಿದ ಗಾಳಿ ಇದ್ರೆ ಸಿಡಿಯತ್ತೆ. ಚೂಪು ಚೂಪು ಚೂರು ಹಾರತ್ತೆ."

"ಸುಮ್ಕೆ ಎದುರಿಸ್‌ಬ್ಯಾಡಿ ಮೇಡಂ."

ಶ್ರೀಗೌರಿ ನಕ್ಕಳು. "ಆಯ್ತು, ಬಿಡಿ. ನಿಮ್ಮ ತೋಟದ ಲೈನಿಗೆ ಗಾಳಿ ಹೊರಗೆ ಬಿಡೋ ಏರ್ ವಾಲ್ವ್ ಇದೆಯಾ?"

"ಐತೆ! ಮೊದ್ಲು ಇರ್ಲಿಲ್ಲ. ಒಂದ್ ದಪ ಕರೆಂಟ್ ಓಗಿ ಬಂದು ಮೋಟ್ರು ಆನ್ ಆಯ್ತು ನೋಡಿ, ಪೈಪಿನ್ ಬೆಂಡು ಕಿತ್ಕಂಡು ಪಕ್ಕದ್ ರಾಗಿ ಒಲಕ್ಕೆ ಬಿತ್ತು! ನಾನು ಅಲ್ಲೇ ನಿಂತಿದ್ರೆ ಇವತ್ತು ಇಂಗ್ ಕುಂತಿರ್ತಿರ್ಲಿಲ್ಲ."

"ಬೆಂಡನ್ನ ಕಿತ್ತೆಸೆದಿದ್ದು ಯಾವುದು?"

"ಇನ್ಯಾವ್ದು, ಪೈಪಲ್ಲಿ ಸೇರ್ಕಂಡಿದ್ ಗಾಳಿ..." ರಾಮಣ್ಣ ಗೋಡೆಯ ಪೈಪಿನ ಕಡೆ ತಿರುಗಿದರು.

"ಅಲ್ಲಿ ಸೇರಿದ್ದು ಒಂದಿಷ್ಟು ಗಾಳಿ. ಇಲ್ಲಿ ಪೈಪಿನ ತುಂಬ ಗಾಳೀನೇ ಇರತ್ತೆ."

ರಾಮಣ್ಣ ಎದ್ದು ಪೈಪಿನ ಹತ್ತಿರ ಹೋದರು. ಪೈಪು ನೋಡಿದರು, ಪಕ್ಕದಲ್ಲಿ ನಿಂತ ಸೊಸೆಯ ಮುಖ ನೋಡಿದರು.

"ಅಯ್ಯೋ ಮಗಾ, ನನ್ ಕೈಯಾರೆ ನಿನ್ ಕಣ್ಣಿನ್ ಮುಂದೆ ಕಟ್ಬುಟ್ಟಿದ್ನಲ್ಲ! ಬಾಯ್ ಬುಟ್ಟು ಏಳ್ಬಾರ್ದಾ?"

"ನೀವು ಅಷ್ಟು ಆಸೆಯಿಂದ ಮಾಡಿದ್ರಿ ಮಾವ, ಎಂಗ್ ಏಳ್ಲಿ?"

ರಾಮಣ್ಣ ಗರಗಸ ತಂದು ತಾವೇ ಹಾಕಿದ ಪೈಪನ್ನು ತಾವೇ ಕೊಯ್ದು ಕೆಳಗಿಳಿಸಿದರು.

ಅದರ ಜಾಗಕ್ಕೆ ಕಬ್ಬಿಣದ ಜಿ.ಐ. ಪೈಪು ಬಂತು. ಕಂಪ್ರೆಸರ್ ಅದುರುತ್ತದೆ, ಆದ್ದರಿಂದ ಅದಕ್ಕೂ ಪೈಪಿಗೂ ನಡುವೆ ಗಟ್ಟಿ ರಬ್ಬರ್ ಹೋಸು ಹಾಕಿದರು. ಪೈಪನ್ನು ಸ್ವಲ್ಪ ಇಳಿಜಾರಾಗಿ ಕೂರಿಸಿ, ತಗ್ಗಿನ ತುದಿಗೆ ನಲ್ಲಿ ಇಡಬೇಕು ಎಂದಳು ಶ್ರೀಗೌರಿ.

"ಇಳಿಜಾರು ನನಗ್ ಬುಡಿ" ಎಂದರು ರಾಮಣ್ಣ. "ಗದ್ದೆಗೆ ನೀರ್ ಆಯಿಸೋನಿಗೆ ಏಳ್ಕೊಡ್ಬೇಕಾ?"

ಒಂದಿಷ್ಟು ಹೊತ್ತು ಕಂಪ್ರೆಸರ್ ಓಡಿಸಿ, ಸ್ಪಂದನಾ ಆ ನಲ್ಲಿಯನ್ನು ಮೆಲ್ಲಗೆ ತಿರುಗಿಸಿದಳು. ಬುಸ್ ಎಂದು ನೀರು ಬಂತು!

"ಗಾಳಿಯೊಳ್ಗೂ ನೀರಾ!" ರಾಮಣ್ಣ ಬೆರಗಾದರು.

ಗಾಳಿಯಲ್ಲಿದ್ದ ತೇವವೇ ಪೈಪಿನಲ್ಲಿ ತಣಿದು ನೀರಾಗಿತ್ತು. ಆ ನೀರು ಬಣ್ಣಕ್ಕೆ ಸೇರಿದ್ದರೆ ಗೇಟಿನ ತುಂಬ ಗುಳ್ಳೆ ಏಳುತ್ತಿತ್ತು. ಈಗ ಒಂದೂ ಏಳಲಿಲ್ಲ. ಹಳ್ಳಿಮೈಸೂರಿನ ಶಾಲೆಯ ಮುಂದೆ ನಿಂತ ನೀಲಿ ಗೇಟಿನಲ್ಲಿ ಮಕ್ಕಳು ಮುಖ ನೋಡಿಕೊಂಡು ಹಲ್ಲು ಕಿರಿದರು. ಮರುವಾರವೇ ಹೊಳೆನರಸೀಪುರದಿಂದ ಎರಡನೇ ಆರ್ಡರ್ ಬಂತು. ಸ್ಪಂದನಾ ಗೆದ್ದಳು. ಸೊಸೆಗಿಂತ ಜಾಸ್ತಿ ಬೀಗಿದವರು ಮಾವನೇ. ಈಗ ಅವರು ಯಾರ ಮನೆಯಲ್ಲಿ ಕಂಪ್ರೆಸರ್ ಸದ್ದು ಕೇಳಿದರೂ ಕರೆಯದೆಯೇ ಒಳಗೆ ನುಗ್ಗಿ ಪೈಪು ನೋಡುತ್ತಾರೆ.

ಓದುತ್ತಿರುವ ಅಣ್ಣ ಅಕ್ಕಂದಿರೇ, ನೀವೂ ಎದ್ದು ನಿಮ್ಮ ವರ್ಕ್‌ಶಾಪಿನ ಪೈಪು ನೋಡಿ. ಪಿ.ವಿ.ಸಿ. ಆಗಿದ್ದರೆ ಕಂಪ್ರೆಸರ್ ಆಫ್ ಮಾಡಿ, ಒಳಗಿನ ಗಾಳಿ ಪೂರ್ತಿ ಬಿಟ್ಟು, ಇವತ್ತೇ ಬಿಚ್ಚಿ. ಜಿ.ಐ., ತಾಮ್ರ, ಇಲ್ಲವೇ ಗಾಳಿಗೆಂದೇ ಮಾಡಿದ ಅಲ್ಯೂಮಿನಿಯಂ ಪೈಪು ಹಾಕಿಸಿ. ದಿನಾ ತಗ್ಗಿನ ತುದಿಯ ನಲ್ಲಿ ತಿರುಗಿಸಿ ನೀರು ಬಿಡಿ. ಹಳೇ ಪೈಪು ತೋಟಕ್ಕೇ ಇರಲಿ. ಕೊಟ್ಟಿಗೆಯಲ್ಲಿ ಅದರ ಪಕ್ಕ ನಿಲ್ಲುವುದು ನಿಮ್ಮ ಮನೆಯ ಮಗಳೋ, ಸೊಸೆಯೋ ಆಗಿರುತ್ತಾಳೆ.