ಕಮರ ಮೂವತ್ನಾಕು

"ಉಸರ ಬಿಡ್ರಿ, ಸಾವ್ಕಾರ್ರ," ಎಂದರು ಫಕ್ರುಸಾಬರು.

"ಬಿಟ್ಟೇನಲ್ರಿ," ಎಂದರು ಮಡಿವಾಳೆಪ್ಪನವರು, ಉಸಿರು ಬಿಗಿಹಿಡಿದುಕೊಂಡೇ.

ಬೈಲಹೊಂಗಲದ ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ ಮಡಿವಾಳೆಪ್ಪನವರು ಇಪ್ಪತ್ತೈದು ವರ್ಷಗಳಿಂದ ಫಕ್ರುಸಾಬರ ಹತ್ತಿರವೇ ಪ್ಯಾಂಟು ಹೊಲಿಸುತ್ತಿದ್ದರು. ಈಗ ಕಟಕೋಳದಲ್ಲಿ ನೆಂಟರ ಮದುವೆಯಿತ್ತು. ಫಕ್ರುಸಾಬರು ಹೊಟ್ಟೆಯ ಕೆಳಗೆ, ಬೆಲ್ಟು ಜಾರಿ ನಿಲ್ಲುವ ತಗ್ಗಿನಲ್ಲಿ ಟೇಪು ಸುತ್ತಿದರು. ಅದರ ಮೇಲೆ ಹೊಟ್ಟೆ ಬಾಗಿಲ ಮೇಲಿನ ಸಜ್ಜಾದಂತೆ ಚಾಚಿ ನಿಂತಿತ್ತು. ಟೇಪು ಮೂವತ್ತೊಂಬತ್ತು ತೋರಿಸಿತು.

"ಕಮರ ಮೂವತ್ನಾಕು," ಎಂದು ಅವರು ಸೊಂಟದ ಅಳತೆಯನ್ನು ಗಟ್ಟಿಯಾಗಿ ಹೇಳಿ ಪುಸ್ತಕದಲ್ಲಿ ಬರೆದುಕೊಂಡರು. ಪಕ್ಕದಲ್ಲಿ ತಮಗೊಬ್ಬರಿಗೇ ತಿಳಿಯುವಂತೆ ಐದು ಚುಕ್ಕಿ ಇಟ್ಟರು.

"ನೋಡ್ರಿ! ಲಗ್ನದಾಗೂ ಮೂವತ್ನಾಕು, ಈಗೂ ಮೂವತ್ನಾಕು. ನಮ್ಮ ಮನಿಯಾಕಿ ದೇವಕ್ಕ ಸುಮ್ಮ್‌ಸುಮ್ನ ಹೊಟ್ಟಿ ಬಂದೈತಿ ಅಂತ ಬಡಕೋತಾಳ."

ಫಕ್ರುಸಾಬರು ನಕ್ಕು ಟೇಪು ಮಡಚಿದರು. ಅಂಕಿ ಇಳಿಸಿ ಹೇಳುವುದನ್ನು ಅವರು ಸುಳ್ಳೆಂದು ತಿಳಿದಿರಲಿಲ್ಲ. ಗಿರಾಕಿ ಖುಷಿಯಿಂದ ಮನೆಗೆ ಹೋಗಬೇಕು, ಪ್ಯಾಂಟು ಮೈಗೆ ಸರಿಯಾಗಿ ಕೂಡಬೇಕು. ಎರಡೂ ಆಗುತ್ತಿರುವಾಗ ಅಂಕಿಯದೇನು ದೊಡ್ಡ ಮಾತು?

ಮರುವಾರ ಪೇಟೆಯ ವ್ಯಾಪಾರಿಗಳಿಗೆ ಆರೋಗ್ಯ ತಪಾಸಣೆ ನಡೆಯಿತು. ಅಳತೆ ತೆಗೆಯಲು ಕುಳಿತವಳು ಫಕ್ರುಸಾಬರ ಮಗಳು, ನರ್ಸ್ ಹಿನಾಕೌಸರ.

"ಸೊಂಟದ ಅಳತಿ ತಗೋಬೇಕ್ರಿ ಕಾಕಾ."

"ತಗೊಳ್ಳೂದೇನೈತಿ? ಮೂವತ್ನಾಕು ಅಂತ ಬರ್ಕೊ. ನಿಮ್ಮಪ್ಪನ ಪುಸ್ತಕದಾಗೇ ಐತಿ."

ಹಿನಾ ಕೇಳಲಿಲ್ಲ. ಪಕ್ಕೆಲುಬಿನ ಕೆಳಗೆ, ಸೊಂಟದ ಎಲುಬಿನ ಮೇಲೆ, ನಡುಮಧ್ಯಕ್ಕೆ ಟೇಪು ಸುತ್ತಿದಳು. "ನಾಲ್ವತ್ಮೂರು."

ಸಾಲಿನಲ್ಲಿ ನಿಂತವರು ಕಿಸಕ್ಕನೆ ನಕ್ಕರು.

"ನಿನ್ನ ಟೇಪು ಬಿಸಲಿಗೆ ಮುದುಡೇತಿ, ಮಗಳ!"

"ಹಂಗಾರ ಟೇಪು ಬ್ಯಾಡ್ರಿ." ಅವಳು ಒಂದು ದಾರ ತೆಗೆದು ನೆತ್ತಿಯಿಂದ ಹಿಮ್ಮಡಿವರೆಗೆ ಅವರ ಎತ್ತರದಷ್ಟು ಕತ್ತರಿಸಿ, ಎರಡು ಮಡಿಕೆ ಮಾಡಿ ಅವರ ಹೊಟ್ಟೆಗೆ ಸುತ್ತಿದಳು. ದಾರದ ತುದಿಗಳು ಒಂದನ್ನೊಂದು ಮುಟ್ಟಲೇ ಇಲ್ಲ. ನಡುವೆ ಒಂದು ಗೇಣಿಗೂ ಹೆಚ್ಚು ಅಂಗಿ ಕಾಣುತ್ತಿತ್ತು.

"ಎತ್ತರದ ಅರ್ಧಕ್ಕಿಂತ ಸೊಂಟ ಹೆಚ್ಚಾಗಬಾರ್ದು ಕಾಕಾ. ಕೈಕಾಲಾಗಿನ ಕೊಬ್ಬು ಬ್ಯಾರೆ, ಹೊಟ್ಟಿ ಒಳಗಿಂದು ಬ್ಯಾರೆ. ಸಕ್ಕರಿ ಬ್ಯಾನಿ, ಬಿಪಿ, ಎದಿ ಬ್ಯಾನಿ ಎಲ್ಲಾನೂ ಅದು ಕೈಹಿಡದು ಕರಕೊಂಡ ಬರತೈತಿ. ನಾಳೆ ಮುಂಜಾನೆ ಏನೂ ತಿನ್ನದ ಆರೋಗ್ಯ ಕೇಂದ್ರಕ್ಕ ಬಂದು ಸಕ್ಕರಿ ಪರೀಕ್ಷಾಕ ರಕ್ತ ಕೊಡ್ರಿ."

ಮಡಿವಾಳೆಪ್ಪನವರು ಹೂಂ ಅನ್ನುವ ಬದಲು ಮುಖ ಕೆಂಪಗೆ ಮಾಡಿಕೊಂಡು ನೇರವಾಗಿ ಫಕ್ರುಸಾಬರ ಅಂಗಡಿಗೆ ನಡೆದರು. ಸಾಕ್ಷಿಗೆಂದು ಪಕ್ಕದ ಅಂಗಡಿಯ ವೀರಪ್ಪನನ್ನೂ ಕರೆದುಕೊಂಡರು.

"ನಾಕ ಮಂದ್ಯಾಗ ನಿಮ್ಮ ಮಗಳು ನನ್ನ ಮರ್ಯಾದಿ ಕಳದ್ಲು, ಸಾಬ್ರ. ಪುಸ್ತಕ ತೆಗೀರಿ. ಸುಳ್ಳು ಯಾರದು? ನಿಮ್ಮದೋ, ಆಕೀದೋ?"

ಫಕ್ರುಸಾಬರ ಕೈ ಹೊಲಿಗೆ ಯಂತ್ರದ ಮೇಲೆ ನಿಂತುಬಿಟ್ಟಿತು. ಪುಸ್ತಕ ಸರಿ ಎಂದರೆ ಸಂಜೆಯೊಳಗೆ ಇಡೀ ಪೇಟೆಗೆ ಹಿನಾ ಸುಳ್ಳುಗಾತಿ. ತಪ್ಪು ಎಂದರೆ ಇಪ್ಪತ್ತೈದು ವರ್ಷದ ಸ್ನೇಹ ಈ ಗಳಿಗೆಗೇ ಮುಗಿಯುತ್ತದೆ.

"ನಂದ್ರಿ," ಎಂದರು. ಪುಸ್ತಕ ತೆರೆದು ಚುಕ್ಕಿಗಳನ್ನು ತೋರಿಸಿದರು. "ಒಂದು ಚುಕ್ಕಿ ಅಂದ್ರ ಒಂದು ಇಂಚು. ಐದು ವರ್ಷದ ಹಿಂದ ಎರಡಿದ್ದೂ. ಈಗ ಐದಾಗ್ಯಾವು. ನಾ ಅಳತಿ ತಗೊಳ್ಳೂದು ಹೊಟ್ಟಿ ಕೆಳಗ, ಆಕಿ ತಗೊಂಡಿದ್ದು ಹೊಟ್ಟಿ ಮ್ಯಾಲ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ನೀವು ಕೇಳಿದ್ದು ಪ್ಯಾಂಟು, ಸಾವ್ಕಾರ್ರ."

ವೀರಪ್ಪ ಬಾಯಿಗೆ ಟವೆಲ್ ಅಡ್ಡ ಹಿಡಿದ. ಮಡಿವಾಳೆಪ್ಪನವರು ಹೊಲಿಯಲು ಕೊಟ್ಟಿದ್ದ ತಮ್ಮ ಬಟ್ಟೆ ಎತ್ತಿಕೊಂಡು, ಎದುರಿನ ರೆಡಿಮೇಡ್ ಅಂಗಡಿಗೆ ಹೋಗಿ ಮೂವತ್ತನಾಲ್ಕರ ಪ್ಯಾಂಟು ಕೇಳಿದರು. ಅದು ತೊಡೆಯವರೆಗೆ ಸಲೀಸಾಗಿ ಹತ್ತಿತು. ಅಲ್ಲಿಂದ ಮೇಲೂ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ. ಕಾಲು ಗಂಟೆಯಾದ ಮೇಲೆ ಪರದೆಯ ಹಿಂದಿನಿಂದ ಸಣ್ಣ ದನಿ ಕೇಳಿತು: "ವೀರಪ್ಪಾ, ಸ್ವಲ್ಪ ಒಳಗ ಬಾರಪಾ. ಇದನ್ನ ಜಗ್ಗು."

ಮರುದಿನ ಬೆಳಿಗ್ಗೆ ಅವರು ಬರಿಹೊಟ್ಟೆಯಲ್ಲಿ ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಕುಳಿತಿದ್ದರು. ರಾಜಿ ಮಾಡಿಕೊಳ್ಳಲೆಂದು ಫಕ್ರುಸಾಬರೂ ಬಂದು ಬೆಂಚಿನ ಆ ತುದಿಯಲ್ಲಿ ಕುಳಿತರು. ಅವರೂ ಇನ್ನೂ ಚಹಾ ಕುಡಿದಿರಲಿಲ್ಲ. ಇಬ್ಬರೂ ಎದುರಿನ ಗೋಡೆ ನೋಡುತ್ತಿದ್ದರು.

"ಅಬ್ಬಾ, ಹೆಂಗೂ ಬಂದೀರಿ. ನೀವೂ ನಿಂದರ್‍ರಿ," ಎಂದಳು ಹಿನಾ ತಂದೆಗೆ, ಟೇಪು ಹಿಡಿದು.

"ನನಗ್ಯಾಕವ್ವಾ? ಅರವತ್ತು ಕಿಲೋ ಅದೇನಿ."

ಕೈಕಾಲು ಕಡ್ಡಿಯಂತಿದ್ದರೂ, ಮೂವತ್ತು ವರ್ಷ ಯಂತ್ರದ ಮುಂದೆ ಕುಳಿತು ಸಡಿಲ ಜುಬ್ಬಾದೊಳಗೆ ಅವರೂ ಒಂದು ಪುಟ್ಟ ಹೊಟ್ಟೆ ಬೆಳೆಸಿದ್ದರು. ಐದಡಿ ಮೂರಿಂಚಿನ ಮನುಷ್ಯನಿಗೆ ಮೂವತ್ತೇಳು ಇಂಚಿನ ಸೊಂಟ. ಹಿನಾ ಅಂಕಿ ಬರೆದುಕೊಂಡು ಇಬ್ಬರ ರಕ್ತವನ್ನೂ ತೆಗೆದಳು.

ಮಧ್ಯಾಹ್ನ ಚೀಟಿಗಳು ಬಂದವು. ಮಡಿವಾಳೆಪ್ಪನವರ ಸಕ್ಕರೆ ಇನ್ನೂ ಗಡಿಯಂಚಿನಲ್ಲೇ ಇತ್ತು. ಫಕ್ರುಸಾಬರದು ಗಡಿ ದಾಟಿ ಬಹಳ ಮುಂದೆ ಹೋಗಿತ್ತು.

"ಯವ್ವಾ! ಹಂಚೀಕಡ್ಡಿಯಂಥಾ ಮನಶಾಗ ಸಕ್ಕರಿ!" ಎಂದು ಮಡಿವಾಳೆಪ್ಪನವರು ಹೊಟ್ಟೆ ಕುಣಿಯುವಂತೆ ನಕ್ಕರು. ಜೊತೆಗೆ ಯಾರೂ ನಗಲಿಲ್ಲ. ಫಕ್ರುಸಾಬರು ಚೀಟಿಯನ್ನು ಮತ್ತೆ ಮೊದಲಿನಿಂದ ಓದುತ್ತಿದ್ದರು.

"ಊರ ಮಂದೀದೆಲ್ಲಾ ಅಳತಿ ತಗೊಂಡೆ ಅಬ್ಬಾ," ಎಂದಳು ಹಿನಾ, ತಂದೆಯ ಕೈಯಿಂದ ಚೀಟಿ ತೆಗೆದುಕೊಳ್ಳುತ್ತ. "ಮನ್ಯಾಗ ನಿಮ್ಮನ್ನ ನೋಡಿ, ತೆಳ್ಳಗದಾರ, ಏನೂ ಆಗೂದಿಲ್ಲ ಅನ್ಕೊಂಡೆ."

ಮಡಿವಾಳೆಪ್ಪನವರ ನಗೆ ಅಲ್ಲಿಗೇ ನಿಂತಿತು. ಬೆಂಚಿನ ಮೇಲೆ ಫಕ್ರುಸಾಬರ ಹತ್ತಿರಕ್ಕೆ ಸರಿದು, "ಡಾಕ್ಟರ ಗುಳಿಗಿ ಕೊಡತಾರ. ನಡ್ಯಾಕ ಜೋಡಿ ಯಾರ ಕೊಡತಾರ, ಸಾಬ್ರ?" ಎಂದರು.

ಮರುದಿನ ಮುಂಜಾನೆ ಆರಕ್ಕೆ ಫಕ್ರುಸಾಬರ ಬಾಗಿಲನ್ನು ಯಾರೋ ಬಡಿದರು. ಅವರ ಹೆಂಡತಿ ಅಜೀಜಾಬಿ ತೆರೆದು ನೋಡಿದರೆ, ಮನೆಯಿಂದ ಅಂಗಡಿಯ ಮುನ್ನೂರು ಹೆಜ್ಜೆಗೂ ಸ್ಕೂಟರ್ ಹತ್ತುವ ಮಡಿವಾಳೆಪ್ಪನವರು ಏದುಸಿರು ಬಿಡುತ್ತ ನಡೆದು ಬಂದಿದ್ದರು. "ಸಾಬ್ರನ್ನ ಕಳಸವಾ, ತಂಗಿ. ಸವದತ್ತಿ ರಸ್ತಾಕ ಒಂದೀಟ ಹೋಗಿ ಬರತೇವಿ."

ಇಬ್ಬರೂ ಹೊರಟರು. ಮೊದಲ ದಿನವಾದ್ದರಿಂದ ಎರಡು ಕಡೆ ಕಟ್ಟೆಯ ಮೇಲೆ ಕುಳಿತು ದಣಿವಾರಿಸಿಕೊಂಡರು. ಎದುರಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಬರುತ್ತಿದ್ದ ಮಲಕಾಜಪ್ಪ ಬೈಕು ನಿಲ್ಲಿಸಿದ.

"ಏನ್ರಿ ಸಾವ್ಕಾರ್ರ, ನಡಕೋತ ಹೊಂಟೀರಿ? ಸ್ಕೂಟರ್ ಕೆಟ್ಟತೇನು?"

"ಸ್ಕೂಟರ್ ಚಲೋ ಐತೋ," ಎಂದರು ಮಡಿವಾಳೆಪ್ಪನವರು, ಫಕ್ರುಸಾಬರ ಹೆಗಲಿಗೆ ಕೈ ಊರಿ ಏಳುತ್ತ. "ರಿಪೇರಿಗೆ ಬಂದಾವ್ರು ನಾವು."