ಕೈ ಬಿಡುವ ದೃಶ್ಯ

ಆರನೆಯ ಸಲವೂ ಅವನು ಅವಳನ್ನು ಬೀಳಿಸಲಿಲ್ಲ.

ತಲೆಯ ಮೇಲಕ್ಕೆ ಎತ್ತಿಕೊಂಡು ಐಸಿನ ಮೇಲೆ ಎರಡು ಸುತ್ತು ಹಾಕಿ, ಸಂಗೀತ ನಿಂತ ಕ್ಷಣಕ್ಕೆ ಸರಿಯಾಗಿ ಕೈ ತೆಗೆದುಬಿಡಬೇಕು. ಇಷ್ಟೇ ಕೆಲಸ. ಅವನು ತೆಗೆದ. ಅವಳ ಸೊಂಟ ಜಾರಿತು, ಐಸಿನ ಮೇಲೆ ಹಾಸಿದ್ದ, ಬಿಳಿ ಬಣ್ಣ ಬಳಿದ ತೆಳು ಮೆತ್ತೆ ಮುಖದ ಹತ್ತಿರಕ್ಕೆ ಬಂತು. ಅಷ್ಟರಲ್ಲಿ ತೆಗೆದ ಕೈಯೇ ಎಲ್ಲಿಂದಲೋ ತಿರುಗಿ ಬಂದು ಪಕ್ಕೆಗೆ ಸಿಕ್ಕಿಸಿಕೊಂಡು, ಎದೆಗೆ ಒತ್ತಿ, ಹೂಕುಂಡ ಇಟ್ಟ ಹಾಗೆ ಅವಳನ್ನು ಮೆಲ್ಲಗೆ ನಿಲ್ಲಿಸಿತು.

"ಕಟ್! ಏನ್ ಸಾರ್ ಇದು? ಬೀಳ್ಸಿ ಅಂದ್ರೆ ಮುದ್ದು ಮಾಡ್ತೀರಲ್ಲ!" ನಿರ್ದೇಶಕ ಕುರ್ಚಿಯಿಂದಲೇ ಕೂಗಿದ.

"ಮೊದಲ್ನೇ ಭಾಗದ ಪ್ರೀತಿ ಇನ್ನೂ ಇಳಿದಿಲ್ಲ ಸಾರ್," ಎಂದ ದೀಪದ ಹುಡುಗರಲ್ಲಿ ಒಬ್ಬ. ಎಲ್ಲರೂ ನಕ್ಕರು. ನಗು ಖಾಲಿ ಗ್ಯಾಲರಿಗೆ ಬಡಿದು ಇನ್ನೊಂದು ಸಲ ಕೇಳಿಸಿತು.

ಅವನು ಮೊಣಕಾಲ ಮೇಲೆ ಕೈಯೂರಿ ಬಗ್ಗಿ ಏದುಸಿರು ಬಿಡುತ್ತಿದ್ದ. "ನಾನು ಬಿಡ್ತೀನಿ ಸಾರ್, ಕೈ ಕೇಳಲ್ಲ. ಅದು ಹಿಡ್ಕೊಂಡುಬಿಡುತ್ತೆ," ಎಂದ. ನಂತರ ಅವಳ ಕಡೆ ತಿರುಗಿ ದನಿ ತಗ್ಗಿಸಿದ. "ಭುಜ ನೋಯ್ತಾ?"

"ಇಲ್ಲ," ಎಂದಳು ಅವಳು.

ಆ ರಿಂಕಿನಲ್ಲಿ ಅವನನ್ನು ಎಲ್ಲರೂ ಕಂಬ ಎನ್ನುತ್ತಿದ್ದರು, ಅವಳನ್ನು ಗುಬ್ಬಿ. ಹೆಸರಿಟ್ಟವರು ಹಳೆಯ ಕೋಚ್. ಆಗ ಅವನಿಗೆ ಹದಿಮೂರು, ಅವಳಿಗೆ ಹನ್ನೊಂದು. ಜೋಡಿ ಸ್ಕೇಟಿಂಗಿನಲ್ಲಿ ಎತ್ತುವವನು ನೆಟ್ಟಗೆ ನಿಲ್ಲಬೇಕು, ಹಾರುವವಳು ಹಗುರಾಗಿರಬೇಕು. ಇವರಿಬ್ಬರೂ ಹಾಗೆಯೇ ಇದ್ದರು. ಹದಿನೆಂಟು ವರ್ಷ ಕೈ ಕೈ ಹಿಡಿದುಕೊಂಡೇ ಬೆಳೆದರು. ಐಸಿನಿಂದ ಇಳಿದ ಮೇಲೆ ಮಾತ್ರ ಒಂದು ದಿನವೂ ಹಿಡಿದವರಲ್ಲ. ಊರೆಲ್ಲ ಅವರಿಗೆ ಮದುವೆ ಮಾಡಿಸಿ ಮುಗಿಸಿತ್ತು, ಅವರಿಗೆ ಮಾತ್ರ ಅದು ಹೊಳೆಯಲೇ ಇಲ್ಲ.

ಸಿನಿಮಾದವರು ಮೊದಲ ಸಲ ಬಂದಾಗ ಅವಳಿಗೆ ಇಪ್ಪತ್ತನಾಲ್ಕು. ಜಗಳವಾಡುವ ಒಂದು ಸ್ಕೇಟಿಂಗ್ ಜೋಡಿ, ಆಮೇಲೆ ಪ್ರೀತಿ, ಕೊನೆಗೆ ಚಿನ್ನದ ಪದಕ, ಐಸಿನ ನಡುವೆ ಮುತ್ತು. ಮುತ್ತೊಂದನ್ನು ಬಿಟ್ಟು ಐಸಿನ ಮೇಲಿನದ್ದೆಲ್ಲ ನಾಯಕ ನಾಯಕಿಯರ ಬದಲಿಗೆ ಇವರೇ ಮಾಡಿದ್ದು. ಬಿಡುಗಡೆಯಾದ ದಿನ ಗುಬ್ಬಿ ಅಮ್ಮನನ್ನು ಕರೆದುಕೊಂಡು ಹೋಗಿದ್ದಳು. ಅರ್ಧ ಸಿನಿಮಾ ಮುಗಿದರೂ ಅಮ್ಮ ಕತ್ತು ಚಾಚಿ ಹುಡುಕುತ್ತಲೇ ಇದ್ದಳು.

"ನೀನು ಎಲ್ಲಿ ಬಂದೆ?"

"ಅದೇ ಅಮ್ಮ, ಆ ಕಾಲು ನಂದು. ಬೆನ್ನೂ ನಂದೇ."

"ಕಾಲಿಗೇನು ಹೆಸರು ಬರ್ದಿದ್ಯಾ?" ಎಂದು ಅಮ್ಮ ಕಡಲೆಕಾಯಿ ಪೊಟ್ಟಣ ಬಿಚ್ಚಿದ್ದಳು.

ಎರಡನೆಯ ಭಾಗ ಬಂತು, ಮೂರನೆಯದೂ ಬಂತು. ಅವಕ್ಕೆ ಬೇರೆ ಊರಿನ ಎಳೆಯ ಜೋಡಿಯನ್ನು ಕರೆಸಿಕೊಂಡರು. ಈಗ ನಾಲ್ಕನೆಯ ಭಾಗ. ನಾಯಕಿ ನಲವತ್ತು ದಾಟಿದ್ದಳು, ಕಥೆಯಲ್ಲೂ ಅವಳಿಗೆ ಅಷ್ಟೇ ವಯಸ್ಸು; ಹಳೆಯ ಜೋಡಿ ಮತ್ತೆ ಐಸಿಗಿಳಿಯುತ್ತದೆ, ಮೊದಲ ಹತ್ತು ನಿಮಿಷದಲ್ಲೇ ನಾಯಕ ಅವಳನ್ನು ಕೈಬಿಡುತ್ತಾನೆ, ಅವಳು ಬೀಳುತ್ತಾಳೆ. ವಯಸ್ಸಾದ ನಾಯಕಿಗೆ ವಯಸ್ಸಾದ ಮೈಯೇ ಬೇಕಾಯಿತು. ಗುಬ್ಬಿಗೆ ಫೋನ್ ಮಾಡಿದ ಸಹಾಯಕ ನಿರ್ದೇಶಕ ಅದನ್ನು ಹೆಚ್ಚು ಕಡಿಮೆ ಇದೇ ಮಾತಿನಲ್ಲಿ ಹೇಳಿದ್ದ.

ಕಂಬ ಒಪ್ಪಿರಲಿಲ್ಲ. "ನಿನ್ನ ಭುಜ ಇಟ್ಕೊಂಡು ಇದೆಲ್ಲ ಬೇಕಾ?" ಎಂದಿದ್ದ. ಒಂದು ವಾರ ಅವಳು ಬೆನ್ನು ಬಿದ್ದ ಮೇಲೆ, ಅವಳನ್ನು ಬೇರೆ ಯಾರೋ ಎತ್ತುವುದನ್ನು ನೋಡುವುದಕ್ಕಿಂತ ತಾನೇ ಎತ್ತುವುದು ವಾಸಿ ಎಂದು ಬಂದಿದ್ದ.

ಆ ಭುಜದ ಕಥೆ ಇಷ್ಟು. ಹತ್ತು ವರ್ಷದ ಹಿಂದೆ, ದೊಡ್ಡ ಪಂದ್ಯದ ಆಯ್ಕೆಗೆ ಮೂರು ವಾರ ಇರುವಾಗ, ಅಭ್ಯಾಸದಲ್ಲಿ ಅವನು ಅವಳನ್ನು ಗಾಳಿಯಲ್ಲಿ ತಿರುಗಿಸಿ ಹಿಡಿದ. ಅವಳು ಚೀರಿ ಎಡಭುಜ ಹಿಡಿದುಕೊಂಡು ಕೂತುಬಿಟ್ಟಳು. ಡಾಕ್ಟರು ಎಕ್ಸ್‌ರೇ ತೆಗೆಸಿ ನೋಡಿ, ಮೂಳೆ ಸರಿಯಾಗಿಯೇ ಇದೆ, ಒಳಗಿನ ನರ ಎಳೆದಿರಬಹುದು, ವಿಶ್ರಾಂತಿ ಬೇಕು ಎಂದರು. ಆಯ್ಕೆ ತಪ್ಪಿತು, ಆ ವಯಸ್ಸಿಗೆ ಇನ್ನೊಂದು ಅವಕಾಶ ಬರುವುದಿಲ್ಲ. ಕೋಚ್ ಅವನಿಗೆ ಬೇರೆ ಹುಡುಗಿಯನ್ನು ತೋರಿಸಿದರು. "ಒಬ್ಬಳ ಭುಜ ಮುರಿದಿದ್ದು ಸಾಕು ಸಾರ್," ಎಂದು ಅವನು ಸ್ಕೇಟ್ ಬಿಚ್ಚಿ, ಅದೇ ರಿಂಕಿನ ಯಂತ್ರಗಳ ಕೋಣೆಗೆ ಕೆಲಸಕ್ಕೆ ಸೇರಿಕೊಂಡ.

ಅಂದಿನಿಂದ ಪ್ರತಿ ಭಾನುವಾರ ಅವಳ ಮನೆಗೆ ಬರುತ್ತಿದ್ದ. ನೀರಿನ ಕ್ಯಾನು ಎತ್ತಿಡುತ್ತಿದ್ದ, ಅಟ್ಟದ ಮೇಲಿನ ಪೆಟ್ಟಿಗೆ ಇಳಿಸುತ್ತಿದ್ದ, ಹಾಸಿಗೆ ಬಿಸಿಲಿಗೆ ಹಾಕುತ್ತಿದ್ದ. ಅಮ್ಮ ಕಾಯಿಲೆ ಬಿದ್ದಾಗ ಮೂರು ಮಹಡಿ ಹೊತ್ತುಕೊಂಡು ಇಳಿಸಿದವನೂ ಅವನೇ, ಅಮ್ಮ ಹೋದಾಗ ಹೆಗಲು ಕೊಟ್ಟವನೂ ಅವನೇ. ನಡುವೆ ಅವನಿಗೆ ಒಂದು ಮದುವೆಯಾಗಿ, ಎರಡು ವರ್ಷಕ್ಕೆ ಮುರಿದುಬಿತ್ತು. "ನೀವು ಮದುವೆ ಆಗಿರೋದು ನನ್ನನ್ನಲ್ಲ, ಅವಳ ಭುಜಾನ," ಎಂದು ಹೇಳಿ ಹೆಂಡತಿ ತವರಿಗೆ ಹೋಗಿದ್ದಳಂತೆ. ಅದನ್ನು ಅವನೇ ಹೇಳಿಕೊಂಡು ನಕ್ಕಿದ್ದ. ಗುಬ್ಬಿಯೂ ನಕ್ಕಿದ್ದಳು.

ಯಾವ ಭುಜ ಎನ್ನುವುದು ಒಮ್ಮೊಮ್ಮೆ ಅವಳಿಗೇ ಮರೆತುಹೋಗುತ್ತಿತ್ತು. ಅವನಿಗೆ ಮರೆತದ್ದಿಲ್ಲ.

"ಹತ್ತು ನಿಮಿಷ ಬ್ರೇಕ್!" ಎಂದು ಕೂಗಿ ನಿರ್ದೇಶಕ ರಬ್ಬರ್ ಹಾಸಿನ ಮೇಲೆ ನಡೆದುಕೊಂಡು ಅವಳ ಬಳಿ ಬಂದ. ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವನು. ಬೆಳಿಗ್ಗೆ ಮೇಡಂ ಎನ್ನುತ್ತಿದ್ದವನು ಮಧ್ಯಾಹ್ನದ ಹೊತ್ತಿಗೆ ಅಮ್ಮ ಎನ್ನುವಲ್ಲಿಗೆ ಬಂದಿದ್ದ.

"ನೋಡಮ್ಮಾ, ಆ ಮನುಷ್ಯನ ಕೈಲಿ ಆಗಲ್ಲ. ನಾಳೆ ಬೇರೆ ಜೋಡಿ ಬರುತ್ತೆ. ನಿಮಗೂ ಬೇಜಾರಿಲ್ಲ, ನಮಗೂ ತಲೆನೋವಿಲ್ಲ."

"ಇನ್ನೊಂದು ಸಲ ನೋಡೋಣ ಸಾರ್."

"ಆರು ಸಲ ನೋಡಿದ್ದಾಯ್ತಲ್ಲ. ಸಿನಿಮಾದಲ್ಲಿ ಒಂದು ಕೋಚ್ ಪಾತ್ರ ಇದೆ ಅಂದಿದ್ನಲ್ಲ, ಅದನ್ನ ನಿಮಗೇ ಅಂತ ಇಟ್ಟಿದ್ದೆ. ಎರಡು ಡೈಲಾಗು, ಮುಖದ ಮೇಲೇ ಕ್ಯಾಮೆರಾ. ಬೀಳೋ ಶಾಟೇ ಇಲ್ಲ ಅಂದ್ಮೇಲೆ ಅದೂ ಯಾಕೆ ಅಂತ." ಅವನು ಕೈಯೊರೆಸಿಕೊಂಡು ಹೊರಟ. "ಹೇಗಾದ್ರೂ ಮಾಡಿ ಅವರ ಕೈ ಬಿಡಿಸಿ ನೋಡಿ. ನಿಮಗೇ ಗೊತ್ತಿರುತ್ತೆ."

ನಿಮಗೇ ಗೊತ್ತಿರುತ್ತೆ. ಅವಳು ನೀರು ಕುಡಿದು ಬಾಟಲಿ ಮುಚ್ಚಿದಳು. ಗೊತ್ತಿತ್ತು.

ಐಸಿನಾಚೆ ಕಂಬ ಬೆಂಚಿನ ಮೇಲೆ ಕೂತು ಬಲಗೈ ಬೆರಳುಗಳನ್ನು ಒಂದೊಂದಾಗಿ ನೀವಿಕೊಳ್ಳುತ್ತಿದ್ದ, ಹಟ ಹಿಡಿದ ಮಗುವನ್ನು ಸಮಾಧಾನ ಮಾಡುವವನ ಹಾಗೆ. ತಲೆಯ ಮುಂಭಾಗ ಬೋಳಾಗಿತ್ತು, ನಾಯಕನ ಕೂದಲಿನಂಥ ವಿಗ್ಗನ್ನು ಅದಕ್ಕೆ ಅಂಟಿಸಿದ್ದರು. ಅವಳನ್ನು ನೋಡಿ ಸುಮ್ಮನೆ ನಕ್ಕ.

ಏಳನೆಯ ಟೇಕಿಗೆ ಸಂಗೀತ ಹಾಕಿದರು. ಮಾತು ರೆಕಾರ್ಡ್ ಆಗುವ ದೃಶ್ಯವಲ್ಲ. ಜೋಡಿ ಸ್ಕೇಟಿಂಗಿನವರು ತುಟಿ ಅಲುಗಿಸದೆ ಮಾತಾಡುವುದನ್ನು ಮೊದಲು ಕಲಿಯುತ್ತಾರೆ. ಎಣಿಕೆ, ಎಚ್ಚರಿಕೆ, ಬೈಗುಳ ಎಲ್ಲವೂ ನಗುವ ಹಲ್ಲುಗಳ ಸಂದಿಯಲ್ಲೇ. ಅವನು ಒಂದು, ಎರಡು ಎಂದ. ಅವಳು ಮೇಲೇರಿದಳು. ಮೊದಲ ಸುತ್ತು ಮುಗಿಯಿತು.

"ಕಂಬ."

"ಹ್ಞೂಂ."

"ಅವತ್ತು ನನ್ನ ಭುಜಕ್ಕೆ ಏನೂ ಆಗಿರ್ಲಿಲ್ಲ."

ಅವನ ಕಾಲು ಲಯ ತಪ್ಪಲಿಲ್ಲ. "ಏನು?"

"ಏನೂ ಆಗಿರ್ಲಿಲ್ಲ ಕಣೋ. ಸುಳ್ಳು ಚೀರಿದೆ. ಇವತ್ತಿನವರೆಗೂ ಏನೂ ಆಗಿಲ್ಲ."

ಅವಳನ್ನು ಹೊತ್ತ ಎರಡು ಅಂಗೈಗಳು ಒಂದು ಕ್ಷಣ ಕಲ್ಲಾದವು. ಸಂಗೀತ ಇನ್ನೂ ನಡೆಯುತ್ತಿತ್ತು. ಅವನು ಅರ್ಧ ಸುತ್ತು ಹೋದ, ಮುಕ್ಕಾಲು ಹೋದ. ಸಂಗೀತ ನಿಂತ ಕ್ಷಣಕ್ಕೆ ಸರಿಯಾಗಿ ಆ ಕೈಗಳು ಅಲ್ಲಿರಲಿಲ್ಲ.

ಮೆತ್ತೆಯ ಅಂಚಿಗೆ ಸೊಂಟ, ಐಸಿಗೆ ಮೊಣಕೈ ಮತ್ತು ಕೆನ್ನೆ. ಉಸಿರು ಹೊರಗೆ ಹೋದದ್ದು ಬೇಗ ಒಳಗೆ ಬರಲಿಲ್ಲ. ದೂರದಲ್ಲಿ ಚಪ್ಪಾಳೆ ಕೇಳಿಸಿತು. ಅವಳು ಕಣ್ಣು ಮುಚ್ಚಿಕೊಂಡು ಕಾದಳು. ಎಷ್ಟು ಸಲ ಬಿದ್ದಿದ್ದಳು ಈ ಐಸಿನ ಮೇಲೆ, ಹಾರುವಾಗ, ತಿರುಗುವಾಗ, ಸುಮ್ಮನೆ ನಡೆಯುವಾಗ. ಪ್ರತಿ ಸಲವೂ ಕಣ್ಣು ಬಿಡುವಷ್ಟರಲ್ಲಿ ಅವನ ಮುಖ ಮೇಲೆ ಬಾಗಿರುತ್ತಿತ್ತು. ಈಗ ಬಾಗಿದ್ದು ಶೂಟಿಂಗಿಗೆ ಕರೆಸಿದ್ದ ಡಾಕ್ಟರು, ಅವರ ಹಿಂದೆ ಮೇಕಪ್ಪಿನ ಹೆಂಗಸು.

"ಭುಜ ಪರವಾಗಿಲ್ವಾ?" ಎಂದರು ಡಾಕ್ಟರು. ಅವರಿಗೂ ಅವನೇ ಬೆಳಿಗ್ಗೆ ಹೇಳಿಟ್ಟಿದ್ದ.

"ಪರವಾಗಿಲ್ಲ."

ಕಂಬ ಹತ್ತು ಅಡಿ ದೂರದಲ್ಲಿ ನಿಂತಿದ್ದ. ಅವಳು ಎದ್ದು, ಡಾಕ್ಟರ ಕೈ ಬಿಡಿಸಿಕೊಂಡು ಅವನ ಬಳಿಗೆ ಜಾರಿದಳು. ಶಾಟ್ ಮುಗಿದ ಮೇಲೆ ಕೂರಿಸಿಕೊಂಡು ವಿವರವಾಗಿ ಹೇಳಬೇಕು, ಇಬ್ಬರೂ ಅತ್ತು ಹಗುರಾಗಬಹುದು ಎಂದು ಅವಳು ಎಣಿಸಿದ್ದಳು.

"ಯಾಕೆ?" ಎಂದ ಅವನು.

"ನೀನು ಕೋಚ್ ಹತ್ರ ಹೇಳ್ತಿದ್ದೆ. ಬಟ್ಟೆ ಬದಲಾಯಿಸೋ ಕೋಣೇಲಿ. ಗುಬ್ಬಿ ಭಾರ ಆಗಿದಾಳೆ, ಈ ವರ್ಷ ಒಂದು ಮುಗೀಲಿ, ಬೇರೆ ಯಾರನ್ನಾದ್ರೂ ನೋಡೋಣ ಅಂತ. ಕೇಳಿಸ್ಕೊಂಡೆ." ಹತ್ತು ವರ್ಷ ಒಳಗೇ ಕಾಯಿಸಿಟ್ಟ ಮಾತು ಹೊರಗೆ ಬಂದಾಗ ಇಷ್ಟು ಸಣ್ಣದಾಗಿತ್ತು.

ಅವನು ಯೋಚಿಸಿದ. ನಿಜವಾಗಿಯೂ ಯೋಚಿಸಿದ, ಹುಬ್ಬು ಗಂಟಾಗಿದ್ದನ್ನು ಅವಳು ನೋಡಿದಳು.

"ನೆನಪಿಲ್ಲ," ಎಂದ. "ಅಂದಿರಬಹುದು. ಭಾರ ಆಗಿದ್ದೆ ನೀನು."

"ಕಂಬ..."

"ಅದನ್ನ ಅವತ್ತೇ ಮುಖಕ್ಕೆ ಹೇಳಿದ್ರೆ ಒಂದು ದಿನ ಜಗಳ ಆಡ್ತಿದ್ವಿ," ಎಂದು ಅವನು ಮೆತ್ತೆಯ ಕಡೆ ನೋಡಿದ. ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ಅವಳಿಗೆ ಹಿಡಿಯಲು ಏನಾದರೂ ಸಿಗುತ್ತಿತ್ತು.

ನಿರ್ದೇಶಕ ಜಾರುತ್ತ ತಡವರಿಸುತ್ತ ಐಸಿನ ಮೇಲೇ ಬಂದುಬಿಟ್ಟಿದ್ದ. "ಅದ್ಭುತ! ಸಾರ್, ಅದ್ಭುತ! ಆ ಕೈ ಬಿಟ್ರಲ್ಲ, ಎಲ್ಲರೂ ಕುರ್ಚಿ ಬಿಟ್ಟು ಎದ್ಬಿಟ್ರು. ಏನಮ್ಮಾ ಮಂತ್ರ ಹಾಕಿದ್ರಿ?" ಅವಳ ಕೆನ್ನೆ ಕಂಡು ಸ್ವಲ್ಪ ತಡೆದ. ಅಲ್ಲಿ ಎರಡು ಬೆರಳಗಲ ತರಚಿಕೊಂಡಿತ್ತು. "ಕೋಚ್ ಸೀನು... ನೋಡೋಣ, ಊತ ಇಳಿದ ಮೇಲೆ. ಈಗ ಕ್ಯಾಮೆರಾ ಕೆಳಗಿಟ್ಟು ಒಂದು, ಪಕ್ಕದಿಂದ ಒಂದು, ಗ್ಯಾಲರಿಯಿಂದ ಒಂದು. ಹಿಂಗೇ ಬೇಕು. ಆಗುತ್ತಾ ಸಾರ್?"

"ಮೂರೇನಾ?" ಎಂದ ಕಂಬ. "ತಗೊಳಿ."

ಮೇಕಪ್ಪಿನ ಹೆಂಗಸು ಕೆನ್ನೆಗೆ ಬಣ್ಣ ಮೆತ್ತಿದಳು. ಕೆಳಗಿನಿಂದ ತೆಗೆದದ್ದು ಒಂದೇ ಸಲಕ್ಕೆ ಸರಿಯಾಯಿತು. ಪಕ್ಕದಿಂದ ತೆಗೆದದ್ದೂ ಒಂದೇ ಸಲಕ್ಕೆ. ಎರಡು ಸಲವೂ ಅವನು ಅವಳನ್ನು ಒಂದೇ ಎತ್ತರದಿಂದ, ಸಂಗೀತ ನಿಂತ ಒಂದೇ ಕ್ಷಣಕ್ಕೆ ಬಿಟ್ಟ. ದೀಪದ ಹುಡುಗರು ಈಗ ನಗುತ್ತಿರಲಿಲ್ಲ. ಪೆಟ್ಟು ತಡೆಯಲು ಅವಳ ಸೊಂಟಕ್ಕೆ ಕಟ್ಟಿದ್ದ ಪಟ್ಟಿ ಜಾರಿತ್ತು, ಬಲಗಾಲು ಊರಲು ಆಗುತ್ತಿರಲಿಲ್ಲ.

ಗ್ಯಾಲರಿಯ ಕ್ಯಾಮೆರಾ ಸಿದ್ಧವಾಗುವವರೆಗೆ ಇಬ್ಬರೂ ಎದುರುಬದುರು ನಿಂತರು.

"ಈ ಸಲ ಸ್ವಲ್ಪ ಕೆಳಗೆ ಇಳಿಸಿ ಬಿಡ್ತೀಯಾ?" ಎಂದಳು ಅವಳು.

"ಆಯ್ತು," ಎಂದ, ಅಪರಿಚಿತರಿಗೆ ದಾರಿ ಹೇಳುವವನ ಹಾಗೆ.

ಸಂಗೀತ ಶುರುವಾಯಿತು. ಒಂದು, ಎರಡು ಎಂದು ಅವನು ಎಣಿಸಲಿಲ್ಲ, ಅವಳೇ ಎಣಿಸಿಕೊಂಡು ಮೇಲೇರಿದಳು. ಮೇಲಿನಿಂದ ಖಾಲಿ ಕುರ್ಚಿಗಳ ಸಾಲುಗಳು ಮೆಲ್ಲಗೆ ತಿರುಗುತ್ತಿದ್ದವು, ಎರಡನೆಯ ಸಾಲಿನಲ್ಲಿ ಯಾರೋ ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದರು. ಅವಳ ಕೆಳಗೆ ಅವನ ಅಂಗೈಗಳು ಮೊದಲಿನ ಹಾಗೆ ಮೈಗೆ ಕಚ್ಚಿಕೊಂಡಿರಲಿಲ್ಲ. ಹಿಂಡಿದ ಬಟ್ಟೆಯನ್ನು ಹಗ್ಗದವರೆಗೆ ಒಯ್ಯುವವರ ಕೈಯಷ್ಟೇ ಹಗುರಾಗಿದ್ದವು. ಅವನು ಎರಡನೆಯ ಸುತ್ತಿಗೆ ತಿರುಗಿದ.